ಹಿಟ್ಟು ಕೊಡದೆ ಅಳೆದ ಊರು

ಆಗ ನನಗೆ ಎಪ್ಪತ್ತೆರಡು. ಮುದುಕಿ ಹಳೇ ಪುರಾಣ ತೆಗೆದಳು ಅಂದುಕೊಳ್ಳಬೇಡಿ, ಹೋದ ವರ್ಷದ ಮಾತಿದು.

ಒಂದು ಮಧ್ಯಾಹ್ನ ನಮ್ಮೂರ ಹೆಂಗಸರೆಲ್ಲ ಸ್ಕೂಲಿನ ಹಾಲಿನಲ್ಲಿ ಸೇರಿದ್ದೆವು. ಎಲ್ಲರ ಕೈಯಲ್ಲೂ ಒಂದೊಂದು ಖಾಲಿ ಚೀಲ. ಪಕ್ಕದ ಮನೆ ಜಯಮ್ಮ ಚೀಲ ಸಾಲದು ಅಂತ ಸ್ಟೀಲ್ ಡಬ್ಬಿಯನ್ನೇ ತಂದಿದ್ದಳು, ಮುಚ್ಚಳದ ಸಮೇತ.

"ಇಷ್ಟ್ ದೊಡ್ ಡಬ್ಬಿ ಯಾಕೆ ತಂದ್ಯೆ? ಮದ್ವೆ ಊಟ ತುಂಬ್ಕೊಂಡ್ ಓಗೋಕಾ?" ಅಂದೆ.

"ನೀ ಸುಮ್ಕಿರತ್ತೆ. ಮೂರ್ ವರ್ಸ ರಕ್ತ ಕೊಟ್ಟಿವ್ನಿ. ಇದ್ನಾದ್ರೂ ತುಂಬಸ್ಕೊಳ್ದೆ ಬುಟ್ಟೇನಾ?" ಅಂದಳು.

ಇವತ್ತು ಹುರಿಹಿಟ್ಟು ಕೊಡುತ್ತಾರೆ ಅಂತ ನಮ್ಮ ನಂಬಿಕೆ. 'ರಿಸಲ್ಟ್ ಹೇಳ್ತೀವಿ, ಎಲ್ಲರೂ ಬನ್ನಿ' ಅಂತ ಯೂನಿವರ್ಸಿಟಿಯವರು ಹೇಳಿಕಳಿಸಿದ್ದರು. ರಿಸಲ್ಟ್ ಅಂದರೆ ಇನ್ನೇನು? ಪಾಸು ಇಲ್ಲವೇ ಫೇಲು. ಕರೆದಾಗಲೆಲ್ಲ ಬೆರಳು ಚಾಚಿದವರು ನಾವು, ಫೇಲಾಗೋದಕ್ಕೆ ಕಾರಣವಾದರೂ ಏನಿದೆ?

ಯಾವ ಹಿಟ್ಟು, ಯಾವ ರಕ್ತ ಅಂತ ಹೇಳದೆ ಮುಂದೆ ಹೋದರೆ ನಿಮಗೆ ತಲೆಬುಡ ತಿಳಿಯೋದಿಲ್ಲ. ಹೇಳಿಬಿಡುತ್ತೇನೆ.

ಅದಕ್ಕೂ ಮೂರು ವರ್ಷ ಮುಂಚೆ ನಮ್ಮ ಕಡೆಯ ಒಂದು ಯೂನಿವರ್ಸಿಟಿ, ಸಮುದ್ರದಾಚೆಯ ಒಂದು ಯೂನಿವರ್ಸಿಟಿ, ಎರಡೂ ಕೈ ಕೂಡಿಸಿ ಒಂದು ಕೆಲಸ ಹಿಡಿದವು. ನಮ್ಮ ಹಳ್ಳಿ ಹೆಣ್ಣುಮಕ್ಕಳಿಗೆ ರಕ್ತ ಕಮ್ಮಿ. ಬಸುರಿ ಬಾಣಂತಿಯರಿಗಂತೂ ಕೇಳಲೇಬೇಡಿ. ರಾಗಿ ಹುರಿಹಿಟ್ಟಿಗೆ ಕಬ್ಬಿಣದ ಅಂಶ ಬೆರೆಸಿ ತಿನ್ನಿಸಿದರೆ ರಕ್ತ ಏರುತ್ತದಾ ಅಂತ ಅವರು ನೋಡಬೇಕಿತ್ತು. (ಕಬ್ಬಿಣ ತಿನ್ನೋದಾ ಅಂತ ನಾನೂ ಬಾಯಿ ಬಿಟ್ಟಿದ್ದೆ. ತಿನ್ನಬಹುದಂತೆ.)

ಮದ್ದೂರು ತಾಲ್ಲೂಕಿನಲ್ಲಿ, ಬೆಸಗರಹಳ್ಳಿ ಪಕ್ಕದ ಒಂದು ಊರಿನಲ್ಲಿ ಪೊಟ್ಟಣ ಪೊಟ್ಟಣ ಹಿಟ್ಟು ಹಂಚಿದರು. ಮಳವಳ್ಳಿ ತಾಲ್ಲೂಕಿನ ನಮ್ಮೂರಿಗೂ ಬಂದರು. ಆದರೆ ಇಲ್ಲಿ ಬೆರಳು ಚುಚ್ಚಿ ರಕ್ತ ತೆಗೆದುಕೊಂಡು ಹೋದರು, ಅಷ್ಟೇ. ಅವರಿಗೆ ಹಿಟ್ಟು, ನಮಗೆ ಸೂಜಿ. (ನನ್ನನ್ನು ಚುಚ್ಚಲಿಲ್ಲ. ನನ್ನ ವಯಸ್ಸಿನವರ ರಕ್ತ ಯಾವ ದೇಶದವರಿಗೂ ಬೇಡ.)

ನಮಗೇಕೆ ಹಿಟ್ಟಿಲ್ಲ ಅಂತ ಯಾರೂ ಜಗಳಕ್ಕೆ ನಿಲ್ಲಲಿಲ್ಲ. ಸರದಿ ಬರುತ್ತದೆ ಅಂದುಕೊಂಡೆವು. ನಾಲೆ ನೀರು ಸರದಿ ಮೇಲೆ, ಗ್ಯಾಸು ಸರದಿ ಮೇಲೆ, ರೇಷನ್ ಸರದಿ ಮೇಲೆ. ಹಿಟ್ಟೂ ಹಾಗೇ ಇರಬೇಕು. ಮೊದಲು ಅವರ ಊರು, ಆಮೇಲೆ ನಮ್ಮೂರು.

ನಮ್ಮ ಮನೆಯಲ್ಲಿ ಈ ಸರದಿಗೆ ಕಾದಿದ್ದವಳು ರಮ್ಯ. ನನ್ನ ಮೊಮ್ಮಗನ ಹೆಂಡತಿ, ಹನಕೆರೆ ಕಡೆಯ ಹುಡುಗಿ. ಬಂದ ಹೊಸದರಲ್ಲಿ ಬಟ್ಟೆ ಒಗೆಯುತ್ತಾ ಕೂತವಳು ಹಾಗೇ ಕಲ್ಲಿನ ಮೇಲೆ ವಾಲಿದ್ದಳು. ಎತ್ತಿ ಕೂರಿಸಿ ಕಣ್ಣು ಬಿಡಿಸಿ ನೋಡಿದರೆ ರೆಪ್ಪೆಯೊಳಗೆ ಬಿಳೀ ಹಾಳೆ. ಅಂಗನವಾಡಿಯಲ್ಲಿ ಕೊಡುವ ರಕ್ತದ ಮಾತ್ರೆ ನುಂಗಿದರೆ ಸ್ವಲ್ಪ ಹೊತ್ತಿಗೆ ವಾಂತಿ. ಊಟದ ಮುಂಚೆ, ಊಟ ಆದಮೇಲೆ, ನಿಂಬೆಹಣ್ಣು ಚೀಪಿಕೊಂಡು, ಎಲ್ಲ ಮಾಡಿ ನೋಡಿದೆವು. ನಿಲ್ಲಲಿಲ್ಲ.

ಅಷ್ಟರಲ್ಲಿ ನನ್ನ ಮೊಮ್ಮಗಳು ಪವಿತ್ರ ಮೊದಲ ಹೆರಿಗೆಗೆ ಮನೆಗೆ ಬಂದಳು. ಅವಳನ್ನು ಕೊಟ್ಟಿರೋದು ಯಾವ ಊರಿಗೆ ಅಂತೀರಿ? ಅದೇ ಬೆಸಗರಹಳ್ಳಿ ಪಕ್ಕದ ಊರಿಗೆ. ಬಾಣಂತನ ಮುಗಿಯೋವರೆಗೂ ಬೇಕಾಗುವಷ್ಟು ಹಿಟ್ಟಿನ ಪೊಟ್ಟಣಗಳನ್ನು ಬ್ಯಾಗಿನಲ್ಲಿ ಸೀರೆ ಕೆಳಗೆ ಇಟ್ಟುಕೊಂಡು ಬಂದಿದ್ದಳು.

ನಮ್ಮ ಮನೆಯಲ್ಲಿ ಒಂದು ರಿವಾಜಿದೆ. ನಮ್ಮ ಮನೆಯಲ್ಲೇನು, ಈ ಸೀಮೆಯಲ್ಲೇ ಇದೆ. ತವರಿಗೆ ಬಂದ ಹೆಣ್ಣು ಗಂಡನ ಮನೆಯಿಂದ ಏನೇ ತರಲಿ, ಅದನ್ನು ಒಲೆ ಮುಂದೆ ಬಿಚ್ಚಬೇಕು. ಕೋಣೆಯಲ್ಲಿ ಬಿಚ್ಚಿ ಒಬ್ಬಳೇ ತಿಂದರೆ ಅದು ಮೈಗೆ ಹತ್ತಲ್ಲ.

"ಅಜ್ಜಿ, ಇದ್ನ ನಂಗೊಬ್ಳಿಗೇ ಅಂತ ಕೊಟ್ಟವ್ರೆ. ಬೇರೇವ್ರಿಗೆ ಕೊಟ್ರೆ ಎಸ್ರು ಒಡೆದಾಕ್ತೀವಿ ಅಂದವ್ರೆ" ಅಂದಳು ಪವಿತ್ರ.

"ರಮ್ಯ ಬೇರೇವ್ಳೇನೇ?"

"ಬೇರೇವ್ಳಲ್ಲ ಬುಡು. ಅಂಗಂತ ಊರ್ಗೆಲ್ಲ ಸಾರಬ್ಯಾಡ."

ಸಾರಲಿಲ್ಲ. ಒಂದು ಪೊಟ್ಟಣ ಎರಡು ಲೋಟವಾಯಿತು. ಅತ್ತಿಗೆ ನಾದಿನಿ ಇಬ್ಬರೂ ಎದುರುಬದುರು ಕೂತು ಹಾಲಿಗೆ ಕಲಸಿಕೊಂಡು ಕುಡಿದರು. ರಮ್ಯ ವಾಂತಿ ಮಾಡಲಿಲ್ಲ. ಇನ್ನೊಂದು ಲೋಟ ಕೇಳಿದಳು! ಪವಿತ್ರ ಮಗು ಎತ್ತಿಕೊಂಡು ಗಂಡನ ಮನೆಗೆ ಹೋದಮೇಲೂ ಗೌರಿ ಹಬ್ಬಕ್ಕೆ ಬಂದಾಗ, ಯುಗಾದಿಗೆ ಬಂದಾಗ ತನ್ನ ಪಾಲಿನಲ್ಲಿ ಅರ್ಧ ಹೊತ್ತು ತಂದಳು. ಯಾರಾದರೂ ಆ ಊರಿಂದ ಬಂದರೆ ಅವರ ಕೈಯಲ್ಲಿ ಕಳಿಸಿದಳು. ರಮ್ಯಳ ಮುಖಕ್ಕೆ ಬಣ್ಣ ಬಂತು. ನೀರಿನ ಬಿಂದಿಗೆ ಹೊತ್ತು ಮೆಟ್ಟಿಲು ಹತ್ತಿದಳು. ನನ್ನ ಸೊಸೆಯಂದಿರ ಜೊತೆ ಜಗಳ ಆಡುವಷ್ಟು ಉಸಿರೂ ಬಂತು, ಅದು ಬೇರೆ ಮಾತು.

ಹೋದ ವರ್ಷ ರಮ್ಯ ಬಸುರಿಯಾದಳು. ಮೂರು ತಿಂಗಳು ತುಂಬುವ ಹೊತ್ತಿಗೆ ಪವಿತ್ರ ಕಡೆಯಿಂದ ಪೊಟ್ಟಣ ಬರೋದು ನಿಂತಿತು. 'ಕೊನೇದು ಕೊನೇದು ಅಂತ ಕಮ್ಮಿ ಕೊಡ್ತಾವ್ರೆ ಅಜ್ಜಿ, ನಂಗೇ ಸಾಲ್ದು' ಅಂತ ಫೋನ್ ಮಾಡಿದಳು. ರಮ್ಯಳಿಗೆ ಮತ್ತೆ ಕಣ್ಣು ಕತ್ತಲೆ. ಮತ್ತೆ ಗೋಡೆ ಹಿಡಿದುಕೊಂಡು ನಡಿಗೆ. ಹೊಟ್ಟೆಯಲ್ಲಿ ಬೇರೆ ಒಂದು ಜೀವ.

ಅದಕ್ಕೇ ನಾನು ಚೀಲ ಹಿಡಿದುಕೊಂಡು ಆವತ್ತು ಸ್ಕೂಲಿಗೆ ಹೋಗಿದ್ದು. ರಮ್ಯಳನ್ನೂ ಕರೆದುಕೊಂಡು. ಈಗ ತಿಳಿಯಿತಾ?

ಎದುರಿಗೆ ಮೂರು ಕುರ್ಚಿ. ಒಂದರಲ್ಲಿ ನಮ್ಮ ಯೂನಿವರ್ಸಿಟಿಯ ಪ್ರೊಫೆಸರ್. ಇಸ್ತ್ರಿ ಮಾಡಿದ ಮನುಷ್ಯ, ಮಾತೂ ಇಸ್ತ್ರಿ. ಇನ್ನೊಂದರಲ್ಲಿ ಹೊರದೇಶದ ಒಬ್ಬ ಹೆಂಗಸು. ಬಿಸಿಲಿಗೆ ಕೆಂಪಾಗಿದ್ದಳು ಪಾಪ. ಮೂರನೆಯದರಲ್ಲಿ ಶಿಲ್ಪ. ನಿಡಘಟ್ಟದ ಹುಡುಗಿ, ಮೂರು ವರ್ಷವೂ ಮನೆಮನೆಗೆ ಬಂದು ರಕ್ತ ತೆಗೆದು, ಪ್ರಶ್ನೆ ಕೇಳಿ, ಕಾಫಿ ಕುಡಿದು ಹೋಗುತ್ತಿದ್ದವಳು. ಆವತ್ತು ಆ ಹೆಂಗಸಿಗೆ ನಮ್ಮ ಮಾತನ್ನು ಇಂಗ್ಲಿಷ್ ಮಾಡಿ ಹೇಳೋ ಕೆಲಸವೂ ಅವಳದೇ.

ಪ್ರೊಫೆಸರ್ ಎದ್ದು ನಿಂತರು. "ತಾಯಂದಿರೇ, ನಿಮ್ಮೆಲ್ಲರ ಸಹಕಾರದಿಂದ ಅಧ್ಯಯನ ಯಶಸ್ವಿಯಾಗಿ ಮುಗಿದಿದೆ" ಅಂದರು.

ಮುಗಿದಿದೆಯಾ? ಶುರುವೇ ಆಗಿಲ್ಲವಲ್ಲ ನಮಗೆ?

ಜಯಮ್ಮ ಡಬ್ಬಿ ಎತ್ತಿ ತೋರಿಸಿದಳು. "ಮುಗೀಲಿ ಬುಡಿ ಸಾ. ನಮ್ಗೆ ಉರಿಟ್ಟು ಯಾವಾಗ್ ಕೊಡೋದು?"

ಪ್ರೊಫೆಸರ್ ನಕ್ಕರು. ಕೆಟ್ಟ ನಗೆಯಲ್ಲ, ಚಿಕ್ಕ ಮಕ್ಕಳಿಗೆ ನಗುವಂಥದು. "ನಿಮಗೆ ಕೊಡೋದಿಲ್ಲಮ್ಮ. ನಿಮ್ಮದು ಕೊಡದೆ ಇರಬೇಕಾದ ಊರು."

ಜಯಮ್ಮ ಎತ್ತಿದ ಡಬ್ಬಿಯನ್ನು ಮಡಿಲಿಗೆ ಇಳಿಸಿದಳು.

ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಹಿಟ್ಟು ತಿಂದ ಊರಿನ ಪಕ್ಕದಲ್ಲಿ ತಿನ್ನದ ಊರು ಒಂದನ್ನು ಇಟ್ಟು ನೋಡಿದರೆ ತಾನೇ ವ್ಯತ್ಯಾಸ ಕಾಣೋದು? ಅದಕ್ಕೆ ನಿಮ್ಮೂರನ್ನು ಆರಿಸಿಕೊಂಡೆವು ಅಂದರು.

ಆರಿಸಿಕೊಂಡರಂತೆ! ಓದೋರೇ, ಈ ಮಾತು ನನ್ನ ಕಿವಿಯೊಳಗೆ ಇನ್ನೂ ಕೂತಿದೆ. ಮರೆತು ಬಿಟ್ಟದ್ದಲ್ಲ. ಸರದಿ ಬಾರದೆ ಬಿಟ್ಟದ್ದಲ್ಲ. ಹುಡುಕಿ, ತಡಕಿ, ಆರಿಸಿ, ಆಮೇಲೆ ಕೊಡದೆ ಬಿಟ್ಟದ್ದು.

ನನಗೇನೂ ಬುದ್ಧಿಯಿಲ್ಲ ಅಂದುಕೊಳ್ಳಬೇಡಿ. ಗೊಬ್ಬರದ ಕಂಪನಿಯವರು ಬಂದಾಗ ನಾವೂ ಅರ್ಧ ಗದ್ದೆಗೆ ಹಾಕಿ ಅರ್ಧ ಗದ್ದೆಗೆ ಹಾಕದೆ ಬಿಟ್ಟು ನೋಡಿದ್ದೇವೆ. ಹಾಗೆ ನೋಡದೆ ನಂಬಬಾರದು, ಅದು ಸರಿ. ಆದರೆ ಗೊಬ್ಬರ ಹಾಕದ ಭತ್ತ ತಲೆ ಸುತ್ತಿ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಬೀಳಲ್ಲ. ಕೊನೇಪಕ್ಷ 'ನೀವು ಕೊಡದ ಊರು ಕಣ್ರವ್ವಾ' ಅಂತ ಬಾಯಿಬಿಟ್ಟು ಹೇಳಬೇಡವಾ? ಮೊದಲನೇ ದಿನ ಏನೋ ಓದಿ ಹೇಳಿ ಹೆಬ್ಬೆಟ್ಟು ತೆಗೆದುಕೊಂಡಿದ್ದರು. ಅದರಲ್ಲಿ ಇತ್ತಂತೆ. ಇಸ್ತ್ರಿ ಮಾತಿನಲ್ಲಿ ಹೇಳಿದರೆ ಯಾರಿಗೆ ತಿಳಿಯುತ್ತದೆ?

"ಓಗ್ಲಿ, ರಿಸಲ್ಟ್ ಏನಾಯ್ತು ಸಾ?" ಅಂದೆ.

"ಅದೇ ಆಶ್ಚರ್ಯ ಅಜ್ಜಿ" ಅಂದರು. "ಅವರ ಊರಿನಲ್ಲೂ ರಕ್ತ ಏರಿದೆ, ನಿಮ್ಮೂರಿನಲ್ಲೂ ಏರಿದೆ. ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಸಮ. ಹಿಟ್ಟು ತಿನ್ನದೆಯೂ ನಿಮ್ಮೂರಿನಲ್ಲಿ ಏರಿದೆ ಅಂದಮೇಲೆ ಅದು ಹಿಟ್ಟಿನಿಂದ ಆದದ್ದಲ್ಲ. ಒಳ್ಳೆಯ ಮಳೆ ಬೆಳೆಯಿಂದಲೋ, ಟಿವಿ ನೋಡಿ ತಿಳುವಳಿಕೆ ಬಂದದ್ದರಿಂದಲೋ ಇರಬೇಕು. ಹಿಟ್ಟಿನಿಂದ ಪ್ರಯೋಜನವಿಲ್ಲ ಅಂತ ಸಾಬೀತಾಗಿದೆ. ಈ ತಿಂಗಳಿಂದ ಆ ಊರಿನಲ್ಲೂ ನಿಲ್ಲಿಸಿದ್ದೇವೆ."

ಸುತ್ತ ನೋಡಿದೆ. ಒಬ್ಬೊಬ್ಬಳ ತಲೆಯೂ ನೆಲ ನೋಡುತ್ತಿದೆ. ಜಯಮ್ಮ ಡಬ್ಬಿಯ ಮುಚ್ಚಳ ತೆಗೆಯೋದು, ಹಾಕೋದು, ತೆಗೆಯೋದು, ಹಾಕೋದು.

ಆವಾಗ ನನಗೆ ಹೊಳೆಯಿತು. ಗುಟ್ಟು ನಮ್ಮ ಮನೆಯದೊಂದೇ ಅಲ್ಲ!

ಟಿವಿ ನೋಡಿದರೆ ರಕ್ತ ಏರುತ್ತದಾ? ಹಾಗಿದ್ದರೆ ನಮ್ಮ ಮನೆ ಗಂಡಸರಿಗೆ ರಕ್ತ ಮೂಗಲ್ಲಿ ಬರಬೇಕಿತ್ತು.

"ಸಾ, ಒಂದ್ ಮಾತು" ಅಂದೆ. "ಈ ಊರು ಆ ಊರು ಜೊತೆ ಮಾಡಿದ್ರಲ್ಲ, ಎಂಗ್ ಉಡುಕುದ್ರಿ?"

ಪ್ರೊಫೆಸರಿಗೆ ಖುಷಿಯಾಯಿತು. ಯಾರೋ ಕೊನೆಗೂ ಒಳ್ಳೆಯ ಪ್ರಶ್ನೆ ಕೇಳಿದರು ಅನ್ನೋ ಹಾಗೆ. "ಇಡೀ ಜಿಲ್ಲೆ ಹುಡುಕಿದೆವು ಅಜ್ಜಿ. ಎರಡೂ ಊರಿನಲ್ಲಿ ಊಟ ಒಂದೇ, ಬೇಸಾಯ ಒಂದೇ, ಜನ ಒಂದೇ, ಎಷ್ಟೋ ಮನೆಗಳಿಗೆ ಮನೆದೇವರೂ ಒಂದೇ. ಆದರೂ ತಾಲ್ಲೂಕು ಬೇರೆ, ನಡುವೆ ಸಾಕಷ್ಟು ದೂರ. ಅಲ್ಲಿಯದು ಇಲ್ಲಿಗೆ ಬೆರೆಯೋ ಪ್ರಶ್ನೆಯೇ ಇಲ್ಲ. ಇಷ್ಟು ಹೋಲುವ ಜೋಡಿ ಊರು ಸಿಗೋದು ಕಷ್ಟ."

"ಓಲ್ದೆ ಏನ್ ಮಾಡ್ತವೆ ಸಾ? ನೆಂಟ್ರು ನಾವು. ಕೊಟ್ಟು ತಂದಿರೋ ಊರು ಅದು."

"ಅಂದರೆ?"

ರಮ್ಯ ಹಿಂದಿನಿಂದ ನನ್ನ ಸೆರಗು ಜಗ್ಗಿದಳು. "ಅಜ್ಜಿ, ಬ್ಯಾಡ ಕಣಜ್ಜಿ. ಪವಿತ್ರಕ್ಕನ ಎಸ್ರು ಒಡೆದಾಕ್ಬುಡ್ತಾರೆ."

"ಇನ್ಯಾವ ಎಸ್ರೇ ಒಡೆಯೋದು? ಅಂಗ್ಡೀನೇ ಮುಚ್ಚವ್ರೆ" ಅಂದೆ.

ಹೇಳಿದೆ. ಇದ್ದದ್ದು ಇದ್ದ ಹಾಗೇ ಹೇಳಿದೆ. ನಮ್ಮೂರ ಹೆಣ್ಣು ಆ ಊರಿನ ಸೊಸೆ, ಆ ಊರ ಹೆಣ್ಣು ನಮ್ಮೂರ ಸೊಸೆ. ಬಸುರಾದ ಹೆಣ್ಣು ಏಳನೇ ತಿಂಗಳಿಗೆ ತವರಿಗೆ ಬರುತ್ತಾಳೆ. ಬರುವಾಗ ಹಿಟ್ಟೂ ಬರುತ್ತದೆ. ಬಂದದ್ದು ಒಲೆ ಮುಂದೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ್ದು ಮನೆಯ ಹೆಣ್ಣುಮಕ್ಕಳಿಗೆಲ್ಲ ಹಂಚಿಹೋಗುತ್ತದೆ. "ನಮ್ ರಮ್ಯ ತಿಂದವ್ಳೆ ಸಾ. ತಿಂದೇ ಎದ್ದು ಓಡಾಡಿದ್ದು. ನೀವು ಕಮ್ಮಿ ಮಾಡಿದ್ಮ್ಯಾಕೆ ಮತ್ತೆ ಬಿದ್ದವ್ಳೆ. ಬೇಕಾದ್ರೆ ಇಲ್ಲೇ ಅವ್ಳೆ, ಕಣ್ಣು ಬಿಡ್ಸಿ ನೋಡಿ."

ಜಯಮ್ಮ ಮುಚ್ಚಳ ಮುಚ್ಚಿದಳು. "ನಮ್ಮನೇಗೂ ಬತ್ತಿತ್ತು ಸಾ. ನನ್ ತಂಗಿ ಅಲ್ಲೇ ಅವ್ಳೆ" ಅಂದಳು. ಹಿಂದಿನಿಂದ ಇನ್ನೊಬ್ಬಳು, "ನಮ್ಗೂವೆ." ಕಿಟಕಿ ಪಕ್ಕದವಳು, "ನಮ್ಮತ್ತೆ ತವರು ಸಾ ಅದು, ಬುಟ್ಟಿ ತುಂಬ ಬತ್ತಿತ್ತು." ಒಂದು ಸಲ ಕಟ್ಟೆ ಒಡೆದರೆ ನೀರು ನಿಲ್ಲುತ್ತದಾ? ಹಾಲೆಲ್ಲ ಗಲಗಲ. ಯಾರ ಮನೆಯಲ್ಲಿ ಉಂಡೆ ಕಟ್ಟಿದರು, ಯಾರ ಮನೆಯಲ್ಲಿ ಮಜ್ಜಿಗೆಗೆ ಕಲಸಿದರು, ಎಲ್ಲ ಹೊರಗೆ ಬಂತು.

ಪ್ರೊಫೆಸರ್ ಕೂತುಬಿಟ್ಟರು. ಇಸ್ತ್ರಿ ಸ್ವಲ್ಪ ಮುದುರಿತು.

ಶಿಲ್ಪ ಎಲ್ಲವನ್ನೂ ಆ ಹೆಂಗಸಿಗೆ ಹೇಳಿದಳು. ಆಯಮ್ಮ ಪೆನ್ನು ಕೆಳಗಿಟ್ಟು ಏನೋ ಕೇಳಿದಳು. ಶಿಲ್ಪ ಮುಖ ಕೆಂಪು ಮಾಡಿಕೊಂಡು ಉತ್ತರ ಕೊಟ್ಟಳು. ಆಮೇಲೆ ನಮ್ಮ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಹೇಳಿದಳು.

"ಮೂರ್ ವರ್ಸದಲ್ಲಿ ಯಾರೂ ಕೇಳ್ಲಿಲ್ವಾ ಅಂತವ್ರೆ ಅಜ್ಜಿ. ಕೇಳ್ಲಿಲ್ಲ ಅಂದೆ. ಹಿಟ್ಟು ತಿಂದ್ರಾ ಅನ್ನೋ ಪ್ರಶ್ನೆ ಆ ಊರಿನ ಹಾಳೇಲಿತ್ತು. ನಿಮ್ಮೂರಿನ ಹಾಳೇಲಿ ಇರ್ನಿಲ್ಲ. ಕೊಡದೆ ಇರೋ ಊರಲ್ಲಿ ಅದ್ನ ಯಾಕ್ ಕೇಳ್ಬೇಕು ಅಂತ."

"ನೀನು ನಿಡಘಟ್ಟದವ್ಳಲ್ವೇನೇ? ನಿಂಗೊತ್ತಿಲ್ವಾ ನಮ್ ರೀತಿ?"

"ಗೊತ್ತಿತ್ತು. ಯಾರೂ ನನ್ನ ಕೇಳ್ಲಿಲ್ಲ."

ಸರಿ, ತಪ್ಪಾಯಿತು. ಗೊತ್ತಾಯಿತು. ಇನ್ನೇನು, ತಿದ್ದಿದರೆ ಆಯಿತು ಅಂತ ನಾನು. ಲೆಕ್ಕ ತಪ್ಪಿದರೆ ಮೇಷ್ಟ್ರು ಸ್ಲೇಟು ಒರೆಸಿ ಮತ್ತೆ ಬರೆಸಲ್ವಾ?

"ಅಂಗಾರೆ ಉರಿಟ್ಟಲ್ಲಿ ಗುಣ ಅದೆ ಅಂತ ಆಯ್ತು ತಾನೆ ಸಾ? ಮತ್ತೆ ಕೊಡಿ" ಅಂದೆ.

"ಅಷ್ಟು ಸುಲಭ ಅಲ್ಲ ಅಜ್ಜಿ. ಮೊದಲ ಎರಡು ವರ್ಷದ ಲೆಕ್ಕದ ಪೇಪರ್ ಆಗಲೇ ಹೊರಗೆ ಬಂದಿದೆ" ಅಂದರು.

ಪೇಪರ್ ಅಂದರೆ ನಾನು ಬರೆಯುತ್ತೇನಲ್ಲ ಇಂಥದಲ್ಲ. ಓದಿದವರು ಓದಿದವರಿಗೋಸ್ಕರ ಬರೆಯುವಂಥದು. ಅದನ್ನು ಎಷ್ಟೋ ದೇಶದವರು ಓದಿದ್ದಾರಂತೆ. ಓದಿ, 'ಇಂಥ ಕಡೆ ಕೊಟ್ಟು ನೋಡಿದರು, ಪ್ರಯೋಜನವಾಗಲಿಲ್ಲ' ಅಂತ ಅವರೂ ತಮ್ಮ ತಮ್ಮ ಪೇಪರಿನಲ್ಲಿ ಬರೆದಿದ್ದಾರಂತೆ. ಹಾಗೆ ಒಬ್ಬರ ಹೆಸರನ್ನು ಇನ್ನೊಬ್ಬರು ಎತ್ತಿದಷ್ಟೂ ಪೇಪರಿಗೆ ಬೆಲೆ ಜಾಸ್ತಿ.

"ಅಂಗಾರೆ ಬ್ಯಾರೆ ದೇಸದಲ್ಲೂ ಬಸುರೀರ್ಗೆ ಇಂಥದ್ ಕೊಡೋದ ನಿಲ್ಸವ್ರಾ?"

ಪ್ರೊಫೆಸರ್ ಕನ್ನಡಕ ಒರೆಸಿಕೊಂಡರು.

ಯಾವುದೋ ದೇಶದಲ್ಲಿ ಯಾವುದೋ ಹುಡುಗಿ ಗೋಡೆ ಹಿಡಿದುಕೊಂಡು ನಿಂತಿರಬಹುದು. ಅವಳಿಗೆ ಯಾಕೆ ಸಿಗಲಿಲ್ಲ ಅಂದರೆ ನಮ್ಮ ಪವಿತ್ರ ರಮ್ಯಳಿಗೆ ಅರ್ಧ ಕೊಟ್ಟಳು ಅಂತ. ಇದನ್ನು ಯಾವ ದೇವರ ಮುಂದೆ ನಿಂತು ಹೇಳಲಿ?

ಆದರೆ ಇನ್ನೊಂದು ಬಾಕಿ ಇತ್ತು. ಆ ಹೊರದೇಶದ ಹೆಂಗಸು ಹಿಟ್ಟು ಅಳೆಯಲು ಬಂದವಳೇ ಅಲ್ಲ! ಎರಡು ಯೂನಿವರ್ಸಿಟಿ ಸೇರಿ ಕೆಲಸ ಮಾಡಿದವಲ್ಲ, ಆ ಜೋಡಿಯಿಂದ ಎಷ್ಟು ಇಂಪ್ಯಾಕ್ಟ್ ಆಯಿತು ಅಂತ ಅಳೆಯಲು ಬಂದವಳು. ಇಂಪ್ಯಾಕ್ಟ್ ಅಂದರೆ ಪರಿಣಾಮ, ಫಲ. ಫಲ ಅಳೆಯೋದು ಹೇಗೆ ಅಂದೆ. ಶಿಲ್ಪ ಕೇಳಿ ಹೇಳಿದಳು. ಇಬ್ಬರೂ ಸೇರಿ ಎಷ್ಟು ಪೇಪರ್ ಬರೆದರು. ಅದನ್ನು ಎಷ್ಟು ಜನ ಎತ್ತಿ ಹೇಳಿದರು. ಎಷ್ಟು ದೇಶದವರ ಹೆಸರು ಒಟ್ಟಿಗೆ ಬಂತು. ಅವರ ಹುಡುಗರು ಎಷ್ಟು ಮಂದಿ ಇಲ್ಲಿಗೆ ಬಂದರು, ಇವರ ಹುಡುಗರು ಎಷ್ಟು ಮಂದಿ ಅಲ್ಲಿಗೆ ಹೋದರು. ಇದೆಲ್ಲದರಲ್ಲೂ ಈ ಜೋಡಿ ಫಸ್ಟ್ ಕ್ಲಾಸಂತೆ. ಮುಂದುವರಿಸಲು ತೀರ್ಮಾನವೂ ಆಗಿದೆಯಂತೆ. ಮುಂದಿನ ಕೆಲಸ ನಿದ್ದೆಯ ಮೇಲೆ. ಹಳ್ಳಿ ಹೆಂಗಸರಿಗೆ ನಿದ್ದೆ ಸರಿಯಾಗಿ ಬರುತ್ತದಾ ಅಂತ.

"ಬತ್ತಿತ್ತು, ಇವತ್ಗಂಟ" ಅಂದಳು ಜಯಮ್ಮ.

ಜೋಡಿ ಪಾಸು, ಹಿಟ್ಟು ಫೇಲು. ನಾನು ಎಪ್ಪತ್ತೆರಡು ವರ್ಷದಲ್ಲಿ ಇಂಥ ರಿಸಲ್ಟ್ ಕೇಳಿರಲಿಲ್ಲ.

ನೀವೇ ಹೇಳಿ. ಒಂದು ಮದುವೆ ಆಯಿತು ಅಂತ ಇಟ್ಟುಕೊಳ್ಳಿ. ಬೀಗರು ಬೀಗರು ಎಷ್ಟು ಸಲ ಒಬ್ಬರ ಮನೆಗೆ ಒಬ್ಬರು ಹೋಗಿ ಬಾಡೂಟ ಉಂಡರು, ಎಷ್ಟು ಫೋಟೋದಲ್ಲಿ ಪಕ್ಕಪಕ್ಕ ನಿಂತರು, ಊರೂರಲ್ಲಿ ಎಷ್ಟು ಜನ ಆ ಬೀಗರ ಮಾತು ಆಡಿದರು ಅಂತ ಅಳೆದು, 'ಮದುವೆ ಭಾರೀ ಚೆನ್ನಾಗಿದೆ' ಅಂದರೆ ಒಪ್ಪುತ್ತೀರಾ? ಹುಡುಗಿ ಹೆಂಗಿದ್ದಾಳೆ ಅಂತ ಒಳಗೆ ಹೋಗಿ ಒಂದು ಸಲ ಇಣುಕಿ ನೋಡಬೇಡವಾ?

ಬೀಗರು ಅನ್ಯೋನ್ಯವಾಗಿರೋದು ಒಳ್ಳೆಯದೇ. ದೇಶ ದೇಶದವರು ಸೇರಿ ಕೆಲಸ ಮಾಡೋದೂ ಒಳ್ಳೆಯದೇ. ನಾನು ಬೇಡ ಅನ್ನಲಿಲ್ಲ. ಆ ಹಿಟ್ಟು ಮಾಡಲು ಕಲಿತದ್ದೂ ಅವರು ಸೇರಿದ್ದರಿಂದ ತಾನೇ? ಆದರೆ ಅಳತೆಗೋಲು ಯಾರ ಕೈಯಲ್ಲಿದೆಯೋ ಅವರು ತಮ್ಮ ಬೆನ್ನನ್ನೇ ಅಳೆದುಕೊಂಡು ತಾವೇ ತಟ್ಟಿಕೊಂಡರೆ ಹೇಗೆ?

ಆ ಹೆಂಗಸು ಕೆಟ್ಟವಳಲ್ಲ, ಅದನ್ನೂ ಹೇಳಬೇಕು. ನನ್ನ ಹತ್ತಿರ ಬಂದು ಕೂತಳು. ತವರು ಅಂದರೇನು, ಹೆಣ್ಣು ಯಾವಾಗ ಬರುತ್ತಾಳೆ, ಎಷ್ಟು ತಿಂಗಳು ಇರುತ್ತಾಳೆ ಅಂತ ಎಲ್ಲ ಕೇಳಿ ಬರೆದುಕೊಂಡಳು. ಹಾಗಾದರೆ ಸರಿಮಾಡುತ್ತಾಳೇನೋ ಅಂತ ನನಗೂ ಒಂದು ಆಸೆ. ಅವಳು ಪ್ರೊಫೆಸರಿಗೆ ಏನೋ ಅಂದಳು. ಅವರ ಮುಖ ಥಟ್ಟನೆ ಬೆಳಗಿತು.

"ಏನಂತವ್ಳೆ?" ಅಂತ ಶಿಲ್ಪಳನ್ನು ಕೇಳಿದೆ.

ಶಿಲ್ಪ ನನ್ನ ಮುಖ ನೋಡಲಿಲ್ಲ. "ಈ ತಪ್ಪು ಎಂಗಾಯ್ತು ಅನ್ನೋದ್ರ ಮೇಲೇನೇ ಒಂದು ಒಳ್ಳೆ ಪೇಪರ್ ಬರೀಬೋದು ಅಂತವ್ರೆ ಅಜ್ಜಿ."

ನಾನು ಎದ್ದುಬಿಟ್ಟೆ. ಕೂತು ಕೇಳಲು ನನ್ನ ಕೈಲಾಗಲಿಲ್ಲ.

ಗೇಟಿನ ಹತ್ತಿರ ಶಿಲ್ಪ ಓಡಿಬಂದು ಹಿಡಿದುಕೊಂಡಳು. ರಮ್ಯ ನನ್ನ ಭುಜದ ಮೇಲೆ ಭಾರ ಹಾಕಿ ನಿಂತಿದ್ದಳು.

"ಅಜ್ಜಿ, ರಮ್ಯನ್ನ ನಾಳೇನೇ ಆಸ್ಪತ್ರೆಗೆ ಕರ್ಕೊಂಡ್ ಓಗಿ. ಓದ್ ವಾರ ತೆಗ್ದಿದ್ದು ರಕ್ತ ಬಾಳ ಕಮ್ಮಿ ಬಂದದೆ."

"ಓದ್ ವಾರದ್ದು ಇವತ್ ಏಳ್ತಿದ್ದೀಯಲ್ಲೇ?"

"ಒಂದು ಗೆರೆ ಅದೆ. ಅದಕ್ಕಿಂತ ಕೆಳಕ್ಕೋದ್ರೆ ಚೀಟಿ ಬರ್ದು ಆಸ್ಪತ್ರೆಗೆ ಕಳಿಸ್ತೀವಿ. ರಮ್ಯಂದು ಗೆರೆ ಮೇಲೇ ನಿಂತಿತ್ತು, ಒಂದ್ ಕೂದ್ಲೆಳೆ ಮೇಲೆ. ಅಂಥವ್ರಿಗೆ ಏಳಂಗಿಲ್ಲ."

"ಯಾಕೆ ಏಳಂಗಿಲ್ಲ?"

"ಏಳಿದ್ರೆ ನೀವು ಸೊಪ್ಪು ಮೊಟ್ಟೆ ಅಂತ ಏನಾದ್ರೂ ತಿನ್ನಿಸ್ಬುಡ್ತೀರ. ಆಗ ಅಳತೆ ಕೆಟ್ಟೋಯ್ತದೆ ಅಂತ."

ಓದೋರೇ, ನಾನು ಗಟ್ಟಿ ಹೆಂಗಸು. ಗಂಡನನ್ನು ಕಳೆದುಕೊಂಡಾಗಲೂ ಮಾರನೇ ವಾರ ಗದ್ದೆಗೆ ಇಳಿದವಳು. ಆ ಮಾತು ಕೇಳಿ ಮಾತ್ರ ಗೇಟಿನ ಕಂಬಿ ಹಿಡಿದುಕೊಂಡೆ. ಮೂರು ವರ್ಷ ನಮ್ಮ ಮನೆಯ ಕಾಫಿ ಕುಡಿದವರಿಗೆ ಗೊತ್ತಿತ್ತು. ನನ್ನ ಮನೆಯ ಬಸುರಿಯ ರಕ್ತ ಎಷ್ಟಿದೆ ಅಂತ ಅವರ ಕಂಪ್ಯೂಟರಿಗೆ ಗೊತ್ತಿತ್ತು. ಸಮುದ್ರದಾಚೆಗೂ ಗೊತ್ತಿತ್ತು. ಒಲೆ ಮುಂದೆ ಕೂತು ಅವಳಿಗೆ ಬಡಿಸುವ ನನಗೆ ಗೊತ್ತಿರಲಿಲ್ಲ.

ಶಿಲ್ಪಳ ಕಣ್ಣಲ್ಲಿ ನೀರು. ಬೈಯಲು ಬಾಯಿ ತೆರೆದವಳು ಮುಚ್ಚಿದೆ. "ಅಳಬ್ಯಾಡ ಓಗು. ಈಗ್ಲಾದ್ರೂ ಬಾಯ್ ಬುಟ್ಟೆಯಲ್ಲ" ಅಂದೆ. ಅವಳಿಗೆ ಅದರಿಂದ ಕೆಲಸಕ್ಕೆ ಕುತ್ತು ಬರಬಹುದಿತ್ತು. ಬಂತೋ ಇಲ್ಲವೋ ಗೊತ್ತಿಲ್ಲ. ಆಮೇಲೆ ಅವಳು ನಮ್ಮೂರಿಗೆ ಬರಲಿಲ್ಲ.

ರಾತ್ರಿ ಪವಿತ್ರಳಿಗೆ ಫೋನ್ ಮಾಡಿ, ಸ್ಕೂಲಿನಲ್ಲಿ ಎಲ್ಲ ಹೇಳಿಬಿಟ್ಟೆ ಅಂದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ಏಳಿದ್ದೇ ಒಳ್ಳೇದಾಯ್ತು ಬುಡಜ್ಜಿ. ರಮ್ಯನ್ನ ಆಸ್ಪತ್ರೆಗೆ ಕರ್ಕೊಂಡ್ ಓಯ್ತೀಯಾ ತಾನೆ?" ಅಂದಳು.

ಮಾರನೇ ದಿನ ಬೆಳಿಗ್ಗೆ ಮೊದಲನೇ ಬಸ್ಸಿಗೆ ರಮ್ಯಳನ್ನು ಹತ್ತಿಸಿಕೊಂಡು ಮಳವಳ್ಳಿ ಆಸ್ಪತ್ರೆಗೆ ಹೋದೆ. ಮಾತ್ರೆ ಇವಳ ಹೊಟ್ಟೆಯಲ್ಲಿ ನಿಲ್ಲಲ್ಲ, ಬೇರೆ ದಾರಿ ಇದ್ದರೆ ಮಾಡಿ, ಇಲ್ಲದಿದ್ದರೆ ನಾನು ಇಲ್ಲಿಂದ ಏಳಲ್ಲ ಅಂತ ಬೆಂಚಿನ ಮೇಲೆ ಕೂತೆ. ಏಳಿಸೋ ಕಷ್ಟ ಯಾರಿಗೂ ಬರಲಿಲ್ಲ. ದಾರಿ ಇತ್ತು. ಡಾಕ್ಟ್ರು ನೋಡಿ, ಬಾಟಲಿಯಲ್ಲಿ ನರಕ್ಕೆ ಔಷಧಿ ಬಿಡಲು ಬರೆದರು. ಹಾಸಿಗೆ ಮೇಲೆ ಮಲಗಿಸಿ ಸೂಜಿ ಹಾಕುತ್ತಿದ್ದ ನರ್ಸು ರಮ್ಯಳ ಕಣ್ಣು ಬಿಡಿಸಿ ನೋಡಿ ನನ್ನ ಮೇಲೆ ರೇಗಿದಳು.

"ಅಲ್ಲ ಅಜ್ಜಿ, ಐದು ತಿಂಗಳ ಬಸುರಿ, ಇಷ್ಟು ಬಿಳುಚಿಕೊಂಡವ್ಳೆ. ಇಷ್ಟು ದಿನ ಇವಳ ರಕ್ತಾನ ಯಾರೂ ನೋಡ್ಲೇ ಇಲ್ವಾ?"

"ನೋಡ್ದೆ ಏನು?" ಅಂದೆ. "ಎರಡು ದೇಸದವ್ರು ಸೇರ್ಕೊಂಡು ನೋಡ್ತಾ ಇದ್ರು ಕಣವ್ವ."